ಜೋರಾಗದ ವಾದ್ಯವನ್ನು ಮಾತಾಡಿಸಿದವರು

ವೀಣೆ ಮೀಟುವವರಿಗೆ ಹಾರ್ಪ್ಸಿಕಾರ್ಡ್ ಒಂದು ಒಗಟು. ನೋಡಲು ಅದು ಪಿಯಾನೋದಂತಿದೆ, ಆದರೆ ಒಳಗೆ ತಂತಿಗೆ ಬಡಿಯುವ ಸುತ್ತಿಗೆಯಿಲ್ಲ. ಕೀ ಒತ್ತಿದಾಗ ತೆಳ್ಳನೆಯ ಮರದ ಪಟ್ಟಿಯೊಂದು ಮೇಲೇಳುತ್ತದೆ. ಅದಕ್ಕೆ ಸಿಕ್ಕಿಸಿದ ಹಕ್ಕಿಗರಿಯ ದಂಟಿನ ಚೂರು ತಂತಿಯನ್ನು ಮೀಟುತ್ತದೆ. ಬೆರಳೆತ್ತಿದರೆ ಪಟ್ಟಿ ಕೆಳಗಿಳಿದು, ಅದರ ಬಟ್ಟೆಯ ತುಣುಕು ತಂತಿಗೆ ತಾಗಿ ನಾದ ನಿಲ್ಲುತ್ತದೆ. ವೀಣೆಯಲ್ಲಾದರೆ ಮೀಟು ಹಗುರವಾಗಿರಬೇಕೋ ಗಟ್ಟಿಯಾಗಿರಬೇಕೋ ನಾನೇ ನಿರ್ಧರಿಸುತ್ತೇನೆ, ತಂತಿ ಎಳೆದು ಗಮಕ ತರುತ್ತೇನೆ. ಇಲ್ಲಿ ಎರಡಕ್ಕೂ ದಾರಿಯಿಲ್ಲ. ಮೆಲ್ಲನೆ ಒತ್ತಲಿ, ಬಲವಾಗಿ ಒತ್ತಲಿ, ಸದ್ದು ಹೆಚ್ಚುಕಡಿಮೆ ಅಷ್ಟೇ.

ಹೀಗಿದ್ದೂ ನೆದರ್ಲೆಂಡ್ಸಿನ ಗುಸ್ತಾವ್ ಲೇಯೊನ್‌ಹಾರ್ಟ್ ನುಡಿಸಿದ್ದನ್ನು ಕೇಳಿದಾಗ ಒಂದು ಸ್ವರ ಎದ್ದು ಕಾಣುತ್ತದೆ, ಇನ್ನೊಂದು ಹಿಂದೆ ಸರಿಯುತ್ತದೆ. ಹೇಗೆ? ಸದ್ದಿನಿಂದ ಆಗದ್ದನ್ನು ಅವರು ಕಾಲದಿಂದ ಮಾಡಿಸಿದರು. ಮುಖ್ಯ ಸ್ವರಕ್ಕೆ ಮುಂಚೆ ಕೂದಲೆಳೆಯಷ್ಟು ಬಿಡುವು ಕೊಟ್ಟರೆ ಆ ಸ್ವರ ದೊಡ್ಡದಾಗಿ ಕೇಳುತ್ತದೆ. ಒಂದು ಸ್ವರದ ಬೆರಳನ್ನು ಮುಂದಿನದು ಬಂದ ಮೇಲೂ ಎತ್ತದಿದ್ದರೆ ಎರಡೂ ಬೆರೆತು ನಾದ ತುಂಬಿಕೊಳ್ಳುತ್ತದೆ. ಬೇಗ ಎತ್ತಿದರೆ ಹಗುರವಾಗುತ್ತದೆ. ಇಷ್ಟೇ ಸಲಕರಣೆ. ಇದನ್ನು ಅವರಷ್ಟು ಸೂಕ್ಷ್ಮವಾಗಿ ಬಳಸಿದ ಇನ್ನೊಬ್ಬರನ್ನು ನಾನು ಕೇಳಿಲ್ಲ.

1928ರಲ್ಲಿ ಹುಟ್ಟಿದ ಲೇಯೊನ್‌ಹಾರ್ಟ್ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಆರ್ಗನ್ ಮತ್ತು ಹಾರ್ಪ್ಸಿಕಾರ್ಡ್ ಕಲಿತರು. 1950ರಲ್ಲಿ ವಿಯೆನ್ನಾದಲ್ಲಿ ಮೊದಲ ಕಛೇರಿ. ಅಲ್ಲಿ ನುಡಿಸಿದ್ದು ಯೊಹಾನ್ ಸೆಬಾಸ್ಟಿಯನ್ ಬಾಖ್‌ನ ‘ಆರ್ಟ್ ಆಫ್ ಫ್ಯೂಗ್’. ಯಾವ ವಾದ್ಯಕ್ಕೆಂದು ಬಾಖ್ ಬರೆದಿಡದ ಕೃತಿ ಅದು. ಅದು ಹಾರ್ಪ್ಸಿಕಾರ್ಡಿನದೇ ಎಂದು ವಾದಿಸಿ ಲೇಯೊನ್‌ಹಾರ್ಟ್ 1952ರಲ್ಲಿ ಪುಸ್ತಕವನ್ನೂ ಹೊರತಂದರು. ವಿಯೆನ್ನಾಕ್ಕೆ ಹೋದದ್ದು ಓದಲಿಕ್ಕೆ. ಅಲ್ಲಿನ ಗ್ರಂಥಾಲಯದಲ್ಲಿ ಕೂತು ಹಳೆಯ ಸಂಗೀತವನ್ನು ಕೈಯಾರೆ ನಕಲು ಮಾಡಿಕೊಂಡರು. ಯಾರದೋ ತಿದ್ದುಪಡಿ ಹೊತ್ತ ಅಚ್ಚಿನ ಪ್ರತಿಗಿಂತ ಮೂಲದ ಬರಹವೇ ಅವರಿಗೆ ಬೇಕಿತ್ತು.

ವಾದ್ಯದ ವಿಷಯದಲ್ಲೂ ಹಾಗೆಯೇ. ಹಾರ್ಪ್ಸಿಕಾರ್ಡನ್ನು ಇಪ್ಪತ್ತನೇ ಶತಮಾನದ ವೇದಿಕೆಗೆ ತಂದ ಕೀರ್ತಿ ವಾಂಡಾ ಲಾಂಡೋವ್ಸ್ಕಾ ಅವರದು. ಆದರೆ ಅವರು ನುಡಿಸಿದ್ದು ಪಿಯಾನೋ ಕಂಪನಿ ತಯಾರಿಸಿದ, ಕಬ್ಬಿಣದ ಚೌಕಟ್ಟಿನ ಭಾರಿ ವಾದ್ಯ. ಲೇಯೊನ್‌ಹಾರ್ಟ್ ಹಳೆಯ ಕಾಲದವರ ಹಾಗೆ ಹಗುರವಾದ ಮರದ ಪೆಟ್ಟಿಗೆಯ ಕಡೆ ತಿರುಗಿದರು. 1745ರಲ್ಲಿ ಆಂಟ್‌ವರ್ಪ್‌ನ ಡುಲ್ಕೆನ್ ಮಾಡಿದ್ದ ವಾದ್ಯದ ಮಾದರಿಯಲ್ಲಿ, 1962ರಲ್ಲಿ ಜರ್ಮನಿಯ ಬ್ರೆಮೆನ್‌ನ ಮಾರ್ಟಿನ್ ಸ್ಕೊವ್ರೊನೆಕ್ ಲೇಯೊನ್‌ಹಾರ್ಟ್‌ಗಾಗಿ ಹಾರ್ಪ್ಸಿಕಾರ್ಡ್ ಮಾಡಿಕೊಟ್ಟರು. ಅದರ ಧ್ವನಿಮುದ್ರಿಕೆ ಕೇಳಿದರೆ ಮರವೂ ಹಾಡುತ್ತಿದೆ ಅನ್ನಿಸುತ್ತದೆ.

ವಿಯೆನ್ನಾದಿಂದ ನೆದರ್ಲೆಂಡ್ಸಿಗೆ ಮರಳಿದ ಲೇಯೊನ್‌ಹಾರ್ಟ್ ಆಮ್‌ಸ್ಟರ್‌ಡಾಮ್‌ನಲ್ಲಿ ಪಾಠ ಹೇಳಿದರು, ಚರ್ಚಿನಲ್ಲಿ ಆರ್ಗನ್ ನುಡಿಸಿದರು, 1955ರಲ್ಲಿ ಪಿಟೀಲು ವಾದಕಿಯಾದ ಪತ್ನಿ ಮರಿ ಅವರೊಡನೆ ಸ್ವಂತ ವಾದ್ಯವೃಂದ ಕಟ್ಟಿದರು. ವೃಂದ ನಿರ್ದೇಶಕರಾಗಿ ಅವರ ದೊಡ್ಡ ಕೆಲಸ ಶುರುವಾದದ್ದು 1971ರಲ್ಲಿ. ಬಾಖ್‌ನ ಸುಮಾರು ಇನ್ನೂರು ಚರ್ಚ್ ಕ್ಯಾಂಟಾಟಾಗಳನ್ನು (ಹಾಡುಗಾರರಿಗೂ ವಾದ್ಯಗಳಿಗೂ ಬರೆದ ಕೃತಿಗಳನ್ನು) ಅವರೂ ಮತ್ತೊಬ್ಬ ವೃಂದ ನಿರ್ದೇಶಕ ನಿಕೊಲಾಸ್ ಹಾರ್ನಾನ್‌ಕೋರ್ಟ್ ಅವರೂ ಹಂಚಿಕೊಂಡು ಹಳೆಯ ಬಗೆಯ ವಾದ್ಯಗಳಲ್ಲಿ ಧ್ವನಿಮುದ್ರಿಸಿದರು. ಮುಗಿಯಲು ಹೆಚ್ಚುಕಡಿಮೆ ಎರಡು ದಶಕ ಹಿಡಿಯಿತು. ಬಾಖ್‌ನ ಲೈಪ್‌ಸಿಗ್ ಚರ್ಚಿನಲ್ಲಿ ಹೆಂಗಸರು ಹಾಡುತ್ತಿರಲಿಲ್ಲವಾದ್ದರಿಂದ ಮೇಲಿನ ಸ್ಥಾಯಿಗೆ ಹುಡುಗರನ್ನೇ ತಂದರು. ಆ ಹುಡುಗರ ಉಸಿರು ಕೆಲವೆಡೆ ಸಾಲದೆ ಬರುತ್ತದೆ, ಗಾಳಿವಾದ್ಯಗಳ ಶ್ರುತಿಯೂ ಅಲ್ಲಲ್ಲಿ ಅಲುಗುತ್ತದೆ. ಆಮೇಲೆ ಬಂದ ನುಣುಪಾದ ಮುದ್ರಣಗಳಿಗಿಂತ ನನಗೆ ಇವೇ ಹತ್ತಿರ: ಇಲ್ಲಿ ಹಾಡು ಮೊದಲು ಪ್ರಾರ್ಥನೆ, ಆಮೇಲೆ ಕಛೇರಿ. ಈ ಕೆಲಸಕ್ಕಾಗಿ 1980ರಲ್ಲಿ ಇಬ್ಬರಿಗೂ ಒಟ್ಟಿಗೆ ಎರಾಸ್ಮಸ್ ಪ್ರಶಸ್ತಿ ಬಂತು.

ಲೇಯೊನ್‌ಹಾರ್ಟ್ ಸಿನಿಮಾದಲ್ಲೂ ಇದ್ದಾರೆ. ಸ್ಟ್ರೌಬ್ ಮತ್ತು ಉಯಿಲೆ ದಂಪತಿ 1968ರಲ್ಲಿ ಬಾಖ್ ಬಗ್ಗೆ ತೆಗೆದ ಕಪ್ಪು ಬಿಳುಪು ಚಿತ್ರದಲ್ಲಿ ವಿಗ್ ತೊಟ್ಟು ಬಾಖ್ ಆಗಿ ಕೂತವರು ಲೇಯೊನ್‌ಹಾರ್ಟ್. ಸಂಗೀತವನ್ನು ಕ್ಯಾಮೆರಾದ ಮುಂದೆಯೇ ನುಡಿಸಿ ಮುದ್ರಿಸಿದರು. ನಟನೆ ಎನ್ನಬಹುದಾದದ್ದು ತೀರ ಕಡಿಮೆ. ನಾವು ನೋಡುವುದು ಕೆಲಸ ಮಾಡುತ್ತಿರುವ ಒಬ್ಬ ಸಂಗೀತಗಾರನನ್ನು.

ಟೋನ್ ಕೋಪ್‌ಮನ್, ಕ್ರಿಸ್ಟೋಫರ್ ಹಾಗ್‌ವುಡ್ ಮುಂತಾದವರು ಅವರ ಬಳಿ ಕಲಿತು ತಮ್ಮ ತಮ್ಮ ವಾದ್ಯವೃಂದಗಳನ್ನು ಕಟ್ಟಿದರು. 2011ರ ಡಿಸೆಂಬರ್‌ನಲ್ಲಿ ಪ್ಯಾರಿಸ್‌ನಲ್ಲಿ ಲೇಯೊನ್‌ಹಾರ್ಟ್ ಕೊನೆಯ ಕಛೇರಿ ಕೊಟ್ಟರು. ಮುಂದಿನ ತಿಂಗಳು, 83ನೇ ವಯಸ್ಸಿನಲ್ಲಿ, ತೀರಿಕೊಂಡರು.

ಅವರನ್ನು ಎಲ್ಲಿಂದ ಕೇಳಲು ಶುರುಮಾಡಲಿ ಎಂದು ಕೇಳುವವರಿಗೆ ನಾನು ಬಾಖ್‌ಗಿಂತ ಮೊದಲು ಫ್ರೋಬರ್ಗರ್ ಹೆಸರು ಹೇಳುತ್ತೇನೆ. ಬಾಖ್‌ಗಿಂತ ಎರಡು ತಲೆಮಾರು ಹಿಂದಿನ ಈ ಸಂಗೀತಗಾರನ ಗೆಳೆಯ ಬ್ಲಾಂಕ್‌ರೋಶೆ ಪ್ಯಾರಿಸ್‌ನಲ್ಲಿ ಲ್ಯೂಟ್ ಎಂಬ ತಂತಿವಾದ್ಯ ನುಡಿಸುತ್ತಿದ್ದವನು. 1652ರಲ್ಲಿ ಮೆಟ್ಟಿಲಿನಿಂದ ಬಿದ್ದು ಸತ್ತ. ಫ್ರೋಬರ್ಗರ್ ಅವನಿಗಾಗಿ ಬರೆದ ಶೋಕಕೃತಿಗೆ ಲಯದ ಲೆಕ್ಕ ಬಿಟ್ಟು, ಬಹಳ ನಿಧಾನವಾಗಿ ನುಡಿಸಬೇಕೆಂಬ ಸೂಚನೆಯಿದೆ. ಕೊನೆಯಲ್ಲಿ ಸ್ವರಗಳು ಒಂದೊಂದಾಗಿ ಮೆಟ್ಟಿಲಿಳಿದು ತಳ ಸೇರುತ್ತವೆ. ಲಯವನ್ನು ಹಿಡಿದಿರಲು ತಾಳವಿಲ್ಲ, ಭಾವವನ್ನು ಎತ್ತಿಹಿಡಿಯಲು ಜೋರು ಸದ್ದಿಲ್ಲ. ಪ್ರತಿ ಸ್ವರ ಎಷ್ಟು ಹೊತ್ತು ಕಾಯಬೇಕು ಎಂಬುದನ್ನು ನುಡಿಸುವವರೇ ತೀರ್ಮಾನಿಸಬೇಕು. ಲೇಯೊನ್‌ಹಾರ್ಟ್ ಬದುಕಿಡೀ ಬೆರಳಿಗೆ ಕಲಿಸಿದ್ದು ಆ ತೀರ್ಮಾನವನ್ನೇ.