ಕಾಲುಸಂಕದ ಮೇಲೆ ವಾಟ್ಸ್ಯಾಪ್

ಆಷಾಢದ ಮಳೆಗೆ ಕರೆಂಟು ಹೋಗಿ ಎರಡು ದಿನ ಆಗಿತ್ತು. ಹೊಸನಗರದ ಕಡೆಯ ನಮ್ಮ ಮನೆಗೆ ಬಂದ ಭಾವ ಕೊಡೆ ಮಡಚಿ ಜಗಲಿಯ ಕಂಬಕ್ಕೆ ಒರಗಿಸಿ, ಅಂಗಳದ ಹಲಸಿನ ಮರದಿಂದ ತೋಟದಂಚಿನ ಅಡಿಕೆ ಮರಕ್ಕೆ ಎಳೆದಿದ್ದ ನನ್ನ ಹ್ಯಾಮ್ ರೇಡಿಯೊದ ಇಪ್ಪತ್ತು ಮೀಟರ್ ಆಂಟೆನಾ ತಂತಿಯನ್ನು ಒಂದು ಸಲ ದಿಟ್ಟಿಸಿ ನೋಡಿದ.

"ಇಷ್ಟೆಲ್ಲ ಇಟ್ಕೊಂಡು ನೆಟ್‌ವರ್ಕ್ ಇಲ್ಲ ಅಂತ ಒದ್ದಾಡ್ತೀಯಲ್ಲ ಮಾರಾಯ! ಹ್ಯಾಮ್ ರೇಡಿಯೊದಲ್ಲಿ 300ಕ್ಕಿಂತ ಮೇಲೆ ಸ್ಪೀಡು ಹೋಗದ ಹಾಗೆ ಸರ್ಕಾರ ತಡೆ ಹಾಕಿಟ್ಟಿದ್ಯಂತೆ. ಅಮೆರಿಕದಲ್ಲಿ ಅದನ್ನ ತೆಗೆದೂ ಆಯ್ತಂತೆ. ಇಲ್ಲೂ ತೆಗೆದ್ರೆ ಟವರೇ ಬೇಡ, ಇದ್ರಲ್ಲೇ ವಾಟ್ಸ್ಯಾಪ್."

ಎಲ್ಲಿ ಓದಿದೆ ಅಂದೆ. ವಾಟ್ಸ್ಯಾಪಿನಲ್ಲಿ ಬಂದಿತ್ತಂತೆ. ಗುಡ್ಡ ಹತ್ತಿ, ಎರಡು ಕಡ್ಡಿ ಸಿಗ್ನಲ್ ಹಿಡಿದು, ಇವನು ಇಳಿಸಿಕೊಂಡದ್ದು ಇದನ್ನು!

ಭಾವನೊಬ್ಬನೇ ಆಗಿದ್ದರೆ ಕಾಫಿ ಕೊಟ್ಟು ಸುಮ್ಮನಾಗುತ್ತಿದ್ದೆ. ಸಾಗರದ ಮದುವೆಮನೆಯ ಪಂಕ್ತಿಯಲ್ಲಿ ಇದೇ ಮಾತು ಕೇಳಿದ್ದೆ, ತೀರ್ಥಹಳ್ಳಿಯ ಹೋಟೆಲಿನಲ್ಲಿ ದೋಸೆಗೆ ಕಾಯುವಾಗಲೂ ಕೇಳಿದ್ದೆ. ಮೂರು ತಾಲ್ಲೂಕು ಸುತ್ತಿ ಬಂದ ಸುಳ್ಳು ಈಗ ಮನೆಯ ಜಗಲಿಗೇ ಬಂದು ಕೂತಿದೆ ಅಂದಮೇಲೆ ಬರೆಯದೆ ವಿಧಿಯಿಲ್ಲ.

300 ಎಂಬ ಆ ಅಂಕಿ ನಮ್ಮದೇ ಅಲ್ಲ. ಅದು ಅಮೆರಿಕದ ದೂರಸಂಪರ್ಕ ನಿಯಂತ್ರಕ ಸಂಸ್ಥೆ ಎಫ್‌ಸಿಸಿಯದು. 1980ರಲ್ಲಿ ಅಲ್ಲಿನ ಹವ್ಯಾಸಿ ರೇಡಿಯೊಗಾರರಾದ ಹ್ಯಾಮ್‌ಗಳಿಗೆ ಕಂಪ್ಯೂಟರ್ ಅಕ್ಷರಗಳನ್ನು ಗಾಳಿಯಲ್ಲಿ ಕಳಿಸಲು ಬಿಟ್ಟಾಗ, ಶಾರ್ಟ್‌ವೇವ್ ಪಟ್ಟಿಗಳಲ್ಲಿ 300 ಬಾಡ್ ಮೀರಬಾರದು ಎಂದು ಕಟ್ಟು ಹಾಕಿದರು. ಅದನ್ನು ತೆಗೆಯಿರಿ ಎಂದು ಅಲ್ಲಿನ ಹ್ಯಾಮ್ ಸಂಘ ಎಆರ್‌ಆರ್‌ಎಲ್ 2013ರಲ್ಲಿ ಅರ್ಜಿ ಹಾಕಿತು. ಎಫ್‌ಸಿಸಿ ಒಪ್ಪಿದ್ದು 2023ರ ನವೆಂಬರಿನಲ್ಲಿ, ಜಾರಿಯಾದದ್ದು 2024ರ ಜನವರಿ 8ರಿಂದ. ಹತ್ತು ವರ್ಷ! ನಮ್ಮ ಕಂದಾಯ ಕಚೇರಿಯನ್ನಷ್ಟೇ ಬೈಯುವವರು ಇದನ್ನೂ ಗಮನಿಸಬೇಕು. ಭಾರತದಲ್ಲಿ ನಡೆಯುವುದು 1978ರ ಹವ್ಯಾಸಿ ರೇಡಿಯೊ ನಿಯಮ. ಯಾವ ಪಟ್ಟಿ, ಯಾವ ಬಗೆಯ ಪ್ರಸಾರ, ಎಷ್ಟು ವ್ಯಾಟ್ ಎಂಬ ಲೆಕ್ಕ ಅದರದು. ನೋಡಿಕೊಳ್ಳುವುದು ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ ವಿಭಾಗ. ಎಫ್‌ಸಿಸಿ ಕಟ್ಟು ಬಿಚ್ಚಿದರೆ ಹೊಸನಗರದಲ್ಲಿ ಯಾವ ಗಂಟೂ ಸಡಿಲವಾಗುವುದಿಲ್ಲ.

ಅಮೆರಿಕದ ಹ್ಯಾಮ್‌ಗೆ ಆದರೂ ಸಿಕ್ಕಿದ್ದೇನು? ಬಾಡ್ ಅಂದರೆ ವೇಗ ಎಂದು ಎಲ್ಲರೂ ಹಿಡಿದುಕೊಂಡಿರುವುದರಿಂದಲೇ ಈ ಗೊಂದಲ. ಸೊಪ್ಪಿನಬೆಟ್ಟದಿಂದ ತೋಟಕ್ಕೆ ಸೊಪ್ಪು ಹೊರುವುದನ್ನು ನೆನೆಯಿರಿ. ಒಬ್ಬ ಆಳು ಎಷ್ಟು ಸಲ ಹೋಗಿ ಬಂದ ಅನ್ನುವುದು ಬಾಡ್. ಸಂಜೆಗೆ ತೋಟಕ್ಕೆ ಬಿದ್ದ ಸೊಪ್ಪೆಷ್ಟು ಅನ್ನುವುದು ಬಿಟ್. ಹೊರೆ ದೊಡ್ಡದಾದರೆ, ಆಳು ಹೆಚ್ಚಾದರೆ, ಸಲ ಕಡಿಮೆಯಾದರೂ ಸೊಪ್ಪು ಹೆಚ್ಚೇ ಬೀಳುತ್ತದೆ. 300ರ ಕಟ್ಟು ಇದ್ದಾಗಲೇ ಪ್ಯಾಕ್ಟರ್-3 ಎಂಬ ವಿಧಾನ ಮಾಡಿದ್ದು ಇದನ್ನೇ: ಒಂದೊಂದು ಸ್ವರ 100 ಬಾಡ್‌ನಲ್ಲೇ ನಡೆಯಲಿ, ಅಂಥ 18 ಸ್ವರ ಒಟ್ಟಿಗೆ ಹೊರಡಲಿ. ನಿಯಮವನ್ನು ಮುರಿಯದೆಯೇ ಸೆಕೆಂಡಿಗೆ ಸುಮಾರು 2,700 ಬಿಟ್ ದಾಟಿಸಿತು. ಕಟ್ಟು ಬಿಚ್ಚಿದ ಮೇಲೆ ಅವರಿಗೆ ದಕ್ಕಿದ ಪ್ಯಾಕ್ಟರ್-4 ದಾಟಿಸುವುದು ಹೆಚ್ಚೆಂದರೆ ಸುಮಾರು 5,500. ದುಪ್ಪಟ್ಟು, ಅಷ್ಟೇ. 2017ರಲ್ಲಿ ಮರಿಯಾ ಚಂಡಮಾರುತ ಪೋರ್ಟೊರಿಕೊವನ್ನು ಅಳಿಸಿಹಾಕಿದಾಗ ಪರಿಹಾರ ಕೆಲಸದ ಹ್ಯಾಮ್‌ಗಳಿಗೆ ಇದನ್ನು ತಾತ್ಕಾಲಿಕವಾಗಿ ಬಿಟ್ಟುಕೊಟ್ಟಿದ್ದರು. ಆ ದುಪ್ಪಟ್ಟು ಅಲ್ಲಿ ನಿಜಕ್ಕೂ ದೊಡ್ಡದು. ನಿಮ್ಮ ರೀಲ್ಸ್‌ಗೆ ಏನೇನೂ ಅಲ್ಲ.

ಭಾವನಿಗೆ ಕಾಗದ ಪೆನ್ನು ಹಿಡಿದು ತೋರಿಸಿದೆ. ಎಲೆಚುಕ್ಕಿ ರೋಗ ಬಿದ್ದ ಸೋಗೆಯ ಫೋಟೊ ಒಂದನ್ನು ಅವನ ಮೊಬೈಲಿನಲ್ಲೇ ತೆಗೆಸಿದೆ. ಎರಡು ಎಂಬಿ. ಅಂದರೆ 1 ಕೋಟಿ 60 ಲಕ್ಷ ಬಿಟ್. ಸೆಕೆಂಡಿಗೆ 300 ಬಿಟ್‌ನಂತೆ ಹೊರಟರೆ ತಲುಪಲು 14 ಗಂಟೆ 49 ನಿಮಿಷ. 1,200ರಂತೆ ಆದರೆ 3 ಗಂಟೆ 42 ನಿಮಿಷ. ಆ ಹೊಸ 5,500ರಲ್ಲಿ 48 ನಿಮಿಷ, ಅದೂ ಗುಡುಗು, ಗದ್ದಲ ಯಾವುದೂ ಇಲ್ಲದ ದಿನ. ಅಷ್ಟು ಹೊತ್ತು ಪಟ್ಟಿಯ ಆ ಜಾಗದಲ್ಲಿ ಬೇರೆ ಯಾರೂ ಬಾಯಿ ತೆರೆಯುವ ಹಾಗಿಲ್ಲ. "ಅಷ್ಟರಲ್ಲಿ ಬಸ್ಸಿಗೆ ಹೋಗಿ ಸೋಗೆಯನ್ನೇ ತೋರಿಸಿ ಬರಬಹುದಲ್ಲ," ಅಂದ. ಹೌದಪ್ಪ, ನಾನೂ ಅದನ್ನೇ ಹೇಳುತ್ತಿರುವುದು.

ಎಫ್‌ಸಿಸಿ ಬಾಡ್‌ನ ಕಟ್ಟು ತೆಗೆಯುವಾಗ ಅದೇ ಆದೇಶದಲ್ಲಿ ಇನ್ನೊಂದು ಕಟ್ಟು ಹಾಕಿತು, ಫಾರ್ವರ್ಡ್ ಮಾಡಿದವರು ಅದನ್ನು ಓದಿಯೇ ಇಲ್ಲ. ಒಂದು ಪ್ರಸಾರ 2.8 ಕಿಲೋಹರ್ಟ್ಸ್‌ಗಿಂತ ಅಗಲ ಆಗಬಾರದು. ಕಾಲುಸಂಕದ ಮೇಲೆ ನಡೆಯುವವರು ಎಷ್ಟು ಬೇಗ ಬೇಕಾದರೂ ನಡೆಯಲಿ, ಸಂಕ ಮಾತ್ರ ಎರಡು ಅಡಕೆ ದಬ್ಬೆಯ ಅಗಲವೇ. ಅಗಲವೂ ಗದ್ದಲವೂ ಸೇರಿ ವೇಗದ ಮಿತಿ ಎಷ್ಟೆಂದು ತೀರ್ಮಾನಿಸುತ್ತವೆ ಎಂದು ಕ್ಲಾಡ್ ಶಾನನ್ 1948ರಲ್ಲೇ ಲೆಕ್ಕ ಹಾಕಿಟ್ಟಿದ್ದಾನೆ. ಅದಕ್ಕೆ ಯಾವ ಸರ್ಕಾರವೂ ತಿದ್ದುಪಡಿ ತರಲಾಗದು. ನಮ್ಮಲ್ಲಿ 40 ಮೀಟರ್ ಪಟ್ಟಿ 7,000ದಿಂದ 7,200 ಕಿಲೋಹರ್ಟ್ಸ್‌ವರೆಗೆ, ಅಂದರೆ ಇಡೀ ಪಟ್ಟಿಯೇ 200 ಕಿಲೋಹರ್ಟ್ಸ್. ಮನೆಯ ವೈಫೈನ ಒಂದೇ ಒಂದು ಚಾನೆಲ್ಲು ಇದರ ನೂರರಷ್ಟು ಅಗಲ. ಲಾರಿಯನ್ನು ಸಂಕದ ಮೇಲೆ ಹತ್ತಿಸಲು ಹೊರಟಿದ್ದೀರಿ.

ಮೇಲಿನ ಗಿಗಾಹರ್ಟ್ಸ್ ಪಟ್ಟಿಗಳಲ್ಲಿ ಜಾಗ ಇದೆ ನಿಜ. ಆದರೆ ಅವು ಗುಡ್ಡ ಬಳಸಿ ಬರುವುದಿಲ್ಲ. ಕೊಡಚಾದ್ರಿಯ ನೆತ್ತಿಯಲ್ಲಿ ನಿಂತವನಿಗೆ ಚೆನ್ನ, ಕೆಳಗೆ ಕಣಿವೆಯ ತೋಟದ ಮನೆಯವನಿಗೆ ಏನೂ ಇಲ್ಲ. ಗುಡ್ಡದಿಂದ ಗುಡ್ಡಕ್ಕೆ ಇಂಟರ್ನೆಟ್ ಹಾಯಿಸುವ ಮನಸ್ಸಿದ್ದರೆ 5 ಗಿಗಾಹರ್ಟ್ಸ್ ವೈಫೈ ಪಟ್ಟಿಗೆ 2018ರಿಂದ ನಮ್ಮ ದೇಶದಲ್ಲಿ ಪರವಾನಗಿಯೇ ಬೇಡ. ಅದಕ್ಕೆ ಹ್ಯಾಮ್ ಯಾಕೆ?

ವೇಗದ ಮಾತು ಬಿಡಿ, ವಾಟ್ಸ್ಯಾಪ್ ಹ್ಯಾಮ್‌ನಲ್ಲಿ ಬರಲಾಗದ್ದು ಬೇರೆಯೇ ಕಾರಣಕ್ಕೆ. ಹ್ಯಾಮ್ ಮಾತು ಬಯಲ ಮಾತು; ಅರ್ಥ ಮುಚ್ಚಿಡುವ ಗುಪ್ತಲಿಪಿಗೆ ಅಲ್ಲಿ ಜಾಗವಿಲ್ಲ. ವಾಟ್ಸ್ಯಾಪ್ 2016ರಿಂದ ಪ್ರತಿ ಸಂದೇಶಕ್ಕೂ ಬೀಗ ಹಾಕಿಯೇ ಕಳಿಸುತ್ತದೆ. ವ್ಯಾಪಾರದ ಮಾತೂ ಕೂಡದು. ಇವತ್ತು ರಾಶಿ ಇಡಿ ಅಡಿಕೆ ಎಷ್ಟಕ್ಕೆ ಹೋಯಿತು, ಬೆಟ್ಟೆಗೆ ಏನು ಧಾರಣೆ ಎಂದು ಮಂಡಿಗೆ ಕೇಳುವ ಹಾಗಿಲ್ಲ. ಹಾಗಾದರೆ ನಮ್ಮ ಕಡೆಯ ಜನ ಮಾತಾಡುವುದಾದರೂ ಏನನ್ನು?

ಉಳಿದ ಸುಳ್ಳುಗಳಿಗೆ ಒಂದೊಂದು ಸಾಲು ಸಾಕು. ಕಾಡಿನಲ್ಲಿ ಸ್ಯಾಟಲೈಟ್ ಫೋನ್ ಸದ್ದು ಮಾಡಿತು ಎಂಬ ಸುದ್ದಿ ಬಂದಾಗಲೆಲ್ಲ ನಮ್ಮ ತಂತಿಯ ಕಡೆ ತಿರುಗಿ ನೋಡಬೇಡಿ, ಎರಡಕ್ಕೂ ಸಂಬಂಧವಿಲ್ಲ. ಆನ್‌ಲೈನಿನಲ್ಲಿ ಸಿಗುವ ಅಗ್ಗದ ಹ್ಯಾಂಡ್‌ಸೆಟ್ ಕೊಂಡ ಮಾತ್ರಕ್ಕೆ ಹ್ಯಾಮ್ ಆಗುವುದಿಲ್ಲ, ಪರವಾನಗಿಯಿಲ್ಲದೆ ಅದರ ಗುಂಡಿ ಒತ್ತಿದರೆ ಅಪರಾಧ. ತಂತಿ ಸಿಡಿಲನ್ನು ಕರೆಯುವುದಿಲ್ಲ, ಆದರೆ ಗುಡುಗು ಶುರುವಾದರೆ ನಾನೂ ಅದನ್ನು ಕಳಚಿಡುತ್ತೇನೆ.

ನನಗೆ ಸಿಟ್ಟು ಬರುವುದು ಅಜ್ಞಾನಕ್ಕಲ್ಲ. ಶರಾವತಿ ಹಿನ್ನೀರಿನಾಚೆಯವರು ನೆಟ್‌ವರ್ಕ್ ಇಲ್ಲದಿದ್ದರೆ ಮತವಿಲ್ಲ ಎಂದು ಬೋರ್ಡು ಹಿಡಿದದ್ದು ನ್ಯಾಯವಾದ ಸಂಕಟದಿಂದ. ಆ ಸಂಕಟವನ್ನೇ ಬಂಡವಾಳ ಮಾಡಿಕೊಂಡು ಯಾರೋ ಎಲ್ಲೋ ಕೂತು ಕತೆ ಹೆಣೆಯುತ್ತಾರೆ. ಅಡಿಕೆಯನ್ನು ಅಡಕತ್ತರಿಯಲ್ಲಿ ಒಡೆದು ಒಳಗು ನೋಡದೆ ಒಂದು ರೂಪಾಯಿ ಹೆಚ್ಚು ಕೊಡದ ಜನ, ಅಂಗೈಗೆ ಬಂದ ಸಂದೇಶವನ್ನು ಮಾತ್ರ ಸಿಪ್ಪೆಸಮೇತ ನುಂಗುತ್ತಾರೆ. ನುಂಗಿ ಇಪ್ಪತ್ತು ಜನರಿಗೆ ಹಂಚುತ್ತಾರೆ ಬೇರೆ.

ಸಂಜೆ ಮಳೆ ಒಂದು ಗಳಿಗೆ ಬಿಟ್ಟಿತು. ಬ್ಯಾಟರಿಗೆ ರೇಡಿಯೊ ಸಿಕ್ಕಿಸಿ, ಲ್ಯಾಪ್‌ಟಾಪ್ ತೆರೆದು ಎಫ್‌ಟಿ8 ಎಂಬ ಸಂದೇಶ ವಿಧಾನ ಹಾಕಿದೆ. ನೊಬೆಲ್ ಪಡೆದ ಭೌತವಿಜ್ಞಾನಿ ಜೋ ಟೇಲರ್ ಮತ್ತು ಸ್ಟೀವ್ ಫ್ರಾಂಕೆ 2017ರಲ್ಲಿ ಮಾಡಿದ್ದು ಅದು. ಅದರ ಓಟ 300 ಬಾಡ್ ಅಲ್ಲ, 6.25 ಬಾಡ್. ಹದಿನೈದು ಸೆಕೆಂಡಿನ ಸರದಿಗೆ 77 ಬಿಟ್, ಅಗಲ 50 ಹರ್ಟ್ಸ್. ಪರದೆಯ ಮೇಲೆ ಜಪಾನಿನ ಒಂದು ಕರೆಸಂಕೇತ ಮೂಡಿತು, ಆರು ಸಾವಿರ ಕಿಲೋಮೀಟರಿಗೂ ಆಚೆಯಿಂದ. ಕಿವಿಗೆ ಬರೀ ಮಳೆಯಂಥ ಗುಂಯ್ ಸದ್ದು. ನಿಧಾನವಾಗಿರುವುದರಿಂದಲೇ ಆ ಸದ್ದಿನಡಿಯಿಂದ ಅದು ಎದ್ದು ಬರುತ್ತದೆ. "ಇಷ್ಟು ನಿಧಾನಕ್ಕೆ ಜಪಾನಾ!" ಎಂದು ಭಾವ ಕುರ್ಚಿ ಹತ್ತಿರ ಎಳೆದುಕೊಂಡ.

ನೆಟ್‌ವರ್ಕ್ ಬೇಕಾದವರು ಟವರಿಗೆ, ಫೈಬರಿಗೆ ಪಟ್ಟು ಹಿಡಿಯಿರಿ. ಅರ್ಜಿಗೆ ನಾನೂ ಸಹಿ ಹಾಕುತ್ತೇನೆ. ಹ್ಯಾಮ್ ಆಗುವ ಆಸೆ ಇದ್ದವರು ಡಬ್ಲ್ಯುಪಿಸಿಯ ಪರೀಕ್ಷೆ ಬರೆಯಿರಿ, 12 ವರ್ಷ ತುಂಬಿದ್ದರೆ ಸಾಕು.