ನ್ಯೂರೆಂಬರ್ಗ್: ಹಳತಾಗಿ ಕಾಣುವುದೆಲ್ಲ ಹಳತಲ್ಲ

ಜರ್ಮನಿಯ ಸಾಂಪ್ರದಾಯಿಕ ಊರೊಂದರಲ್ಲಿ ಮೂರು ನಾಲ್ಕು ದಿನ ಕಳೆದು ಬರೋಣ ಎಂದುಕೊಂಡವರಿಗೆ ನ್ಯೂರೆಂಬರ್ಗ್ ಹೇಳಿ ಮಾಡಿಸಿದಂಥ ಜಾಗ. ಗುಡ್ಡದ ಮೇಲೆ ಚಕ್ರವರ್ತಿಗಳ ಕೋಟೆ, ಕೆಳಗೆ ಕೆಂಪು ಹೆಂಚಿನ ಕಡಿದಾದ ಮಾಡುಗಳು, ಪೆಗ್ನಿಟ್ಸ್ ಹೊಳೆಗೆ ಅಡ್ಡಲಾಗಿ ಕಮಾನುಗಳ ಮೇಲೆ ನಿಂತ 14ನೇ ಶತಮಾನದ ಧರ್ಮಾಸ್ಪತ್ರೆ. ಆದರೆ ಈ ಊರಿನ ಬಗ್ಗೆ ಬಾಯಿಂದ ಬಾಯಿಗೆ ಹರಡಿರುವ ಕೆಲವು ನಂಬಿಕೆಗಳು ಪ್ರವಾಸದ ಲೆಕ್ಕಾಚಾರವನ್ನು ದಾರಿ ತಪ್ಪಿಸುತ್ತವೆ.

ಎಲ್ಲಕ್ಕಿಂತ ದೊಡ್ಡದು, ಇದು ಮಧ್ಯಯುಗದಿಂದ ಹಾಗೆಯೇ ಉಳಿದುಬಂದ ಊರು ಎಂಬ ನಂಬಿಕೆ. 1945ರ ಜನವರಿ 2ರ ಸಂಜೆ ಬ್ರಿಟಿಷ್ ವಾಯುಪಡೆಯ ದಾಳಿಯಲ್ಲಿ ಹಳೆಯ ಪಟ್ಟಣದ ಸುಮಾರು ಶೇ. 90ರಷ್ಟು ಭಾಗ ನೆಲಸಮವಾಯಿತು. ಇಂದು ನಾವು ಫೋಟೊ ತೆಗೆದುಕೊಳ್ಳುವ ಬೀದಿಗಳಲ್ಲಿ ಹೆಚ್ಚಿನವು ಯುದ್ಧದ ನಂತರ ಕಟ್ಟಿದವು. ಬೇರೆ ಕೆಲವು ಜರ್ಮನ್ ನಗರಗಳು ಅಗಲ ರಸ್ತೆಗಳನ್ನು ಹಾಕಿ ಹೊಸ ನಕ್ಷೆ ಬರೆದುಕೊಂಡಾಗ, ಈ ಊರಿನವರು ಹಳೆಯ ಬೀದಿಗಳ ಜಾಡನ್ನೇ ಬಹುಮಟ್ಟಿಗೆ ಉಳಿಸಿಕೊಂಡರು. ಮನೆಗಳು ಹೊಸವು, ಆದರೆ ಅವುಗಳ ಎತ್ತರ, ಮಾಡಿನ ಇಳಿಜಾರು, ಮರಳುಗಲ್ಲಿನ ಬಣ್ಣ ಹಳೆಯ ಊರಿನ ಅಳತೆಯನ್ನು ಬಿಟ್ಟು ಹೋಗಲಿಲ್ಲ. ದೊಡ್ಡ ಚರ್ಚುಗಳನ್ನು ಕಲ್ಲಿನ ಮೇಲೆ ಕಲ್ಲಿಟ್ಟು ಮೇಲೆತ್ತಿದರು. ಸಂತ ಸೆಬಾಲ್ಡ್ ಚರ್ಚಿನೊಳಗೆ ಆ ಅವಶೇಷಗಳ ಫೋಟೊಗಳನ್ನು ಇಟ್ಟಿದ್ದಾರೆ. ಅವನ್ನು ನೋಡಿದ ಮೇಲೆ ಹೊರಗಿನ ಬೀದಿಗೆ ಬಂದರೆ ಊರು ಬೇರೆಯೇ ಆಗಿ ಕಾಣುತ್ತದೆ. ಪ್ರವಾಸವನ್ನು ಅಲ್ಲಿಂದಲೇ ಶುರುಮಾಡಿ ಎಂದು ನಾನು ಒತ್ತಿ ಹೇಳುತ್ತೇನೆ.

ಇದನ್ನು ಕೇಳಿದವರು ತಟ್ಟನೆ ಇನ್ನೊಂದು ತುದಿಗೆ ಹೋಗುತ್ತಾರೆ: ‘ಹಾಗಾದರೆ ಎಲ್ಲ ನಕಲಿ!’ ಅದೂ ತಪ್ಪು. ಸುಮಾರು 5 ಕಿಲೋಮೀಟರ್ ಉದ್ದವಿದ್ದ ಕೋಟೆಗೋಡೆಯಲ್ಲಿ ಬಹುಪಾಲು ಇಂದಿಗೂ ನಿಂತಿದೆ. ವೈಸ್‌ಗೆರ್ಬರ್‌ಗಾಸೆ ಎಂಬ ಚರ್ಮ ಹದಮಾಡುವವರ ಓಣಿಯಲ್ಲಿ ಮರದ ಚೌಕಟ್ಟಿನ ಹಳೆಯ ಮನೆಗಳು ಸಾಲಾಗಿ ಉಳಿದಿವೆ. ಚಿತ್ರಕಾರ ಆಲ್ಬ್ರೆಕ್ಟ್ ಡ್ಯೂರರ್ 1509ರಿಂದ 1528ರಲ್ಲಿ ಸಾಯುವ ತನಕ ಬಾಳಿದ ಮನೆ ಪೆಟ್ಟು ತಿಂದರೂ ಉಳಿಯಿತು. ಕೋಟೆಯ ಗುಡ್ಡದ ಬಂಡೆಯೊಳಗೆ, ಹಿಂದೆ ಬಿಯರ್ ಇಡುತ್ತಿದ್ದಂಥ ನೆಲಮಾಳಿಗೆಯಲ್ಲಿ, ಯುದ್ಧಕಾಲದಲ್ಲಿ ಕಲಾಕೃತಿಗಳನ್ನು ಬಚ್ಚಿಟ್ಟಿದ್ದರು. ಹೀಗೆ ಉಳಿದದ್ದರಲ್ಲಿ ಮಾರ್ಟಿನ್ ಬೆಹೈಮ್‌ನ ಭೂಗೋಳವೂ ಒಂದು. ಇಂದು ಉಳಿದಿರುವ ಭೂಗೋಳಗಳಲ್ಲಿ ಅತ್ಯಂತ ಹಳೆಯದು ಅದೇ. 1492ರ ಸುಮಾರಿಗೆ ಮಾಡಿದ್ದರಿಂದ ಅದರಲ್ಲಿ ಅಮೆರಿಕ ಇಲ್ಲ!

ಅದೇ ಹೊತ್ತಿಗೆ, ರೈಲು ನಿಲ್ದಾಣದ ಎದುರು ಗೋಪುರದ ಬುಡದಲ್ಲಿ ಸಿಗುವ ‘ಹಾಂಡ್‌ವೆರ್ಕರ್‌ಹೋಫ್’ ಎಂಬ ಕುಶಲಕರ್ಮಿಗಳ ಅಂಗಳ ಎಷ್ಟೇ ಪುರಾತನವಾಗಿ ಕಂಡರೂ ತೆರೆದದ್ದು 1971ರಲ್ಲಿ. ಮಾರುಕಟ್ಟೆ ಚೌಕದ ಚಿನ್ನದ ಬಣ್ಣದ ಎತ್ತರದ ಕಾರಂಜಿ 14ನೇ ಶತಮಾನದ ಕಾರಂಜಿಯ ಪ್ರತಿಕೃತಿ. ಮೂಲದ ತುಣುಕುಗಳು ಜರ್ಮನ್ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿವೆ.

ಆ ಮಾರುಕಟ್ಟೆ ಚೌಕದಲ್ಲೇ ಸ್ವಲ್ಪ ನಿಲ್ಲಬೇಕು. ಮಧ್ಯಾಹ್ನ 12ಕ್ಕೆ ಫ್ರೌವೆನ್‌ಕಿರ್ಷೆ ಚರ್ಚಿನ ಗಡಿಯಾರದಿಂದ ಏಳು ರಾಜಕುಮಾರರ ಗೊಂಬೆಗಳು ಹೊರಬಂದು ಚಕ್ರವರ್ತಿ 4ನೇ ಚಾರ್ಲ್ಸ್‌ನ ಸುತ್ತ ತಿರುಗುತ್ತವೆ. ಜನ ಕತ್ತೆತ್ತಿ ನೋಡಿ, ಚಪ್ಪಾಳೆ ತಟ್ಟಿ ಹೋಗುತ್ತಾರೆ. ಇಷ್ಟು ದೊಡ್ಡ ಚೌಕ ವ್ಯಾಪಾರಕ್ಕೆಂದೇ ಮೊದಲಿನಿಂದ ಖಾಲಿ ಇದ್ದ ಜಾಗ ಎಂದು ಯಾರಿಗಾದರೂ ಅನಿಸುತ್ತದೆ. ಆದರೆ ಇದು ಯಹೂದಿಗಳ ಕೇರಿಯಾಗಿತ್ತು. 1349ರಲ್ಲಿ, ಅದೇ ಚಾರ್ಲ್ಸ್‌ನ ಒಪ್ಪಿಗೆಯೊಂದಿಗೆ, ಆ ಕೇರಿಯನ್ನು ಕೆಡವಿದರು. ಐನೂರಕ್ಕೂ ಹೆಚ್ಚು ಜನರನ್ನು ಕೊಂದರು. ಅವರ ಪ್ರಾರ್ಥನಾ ಮಂದಿರವಿದ್ದ ಜಾಗದಲ್ಲಿ ಈ ಚರ್ಚು ಎದ್ದಿತು. ಗೊಂಬೆಗಳ ಆಟ ನೋಡಬಾರದು ಎಂದಲ್ಲ, ಯಾರ ನೆಲದ ಮೇಲೆ ನಿಂತು ನೋಡುತ್ತಿದ್ದೇವೆ ಎಂಬುದು ತಿಳಿದಿರಲಿ.

ಇಲ್ಲಿಂದ 20ನೇ ಶತಮಾನಕ್ಕೆ ಬಂದರೆ, ಎರಡು ತಪ್ಪು ತಿಳಿವಳಿಕೆಗಳು ಒಟ್ಟಿಗೇ ಎದುರಾಗುತ್ತವೆ. ನಾಜಿ ಕಾಲದ ಮಾತೆತ್ತಿದರೆ ಊರಿನವರಿಗೆ ಇರಿಸುಮುರಿಸು, ಅದನ್ನು ಮುಚ್ಚಿಟ್ಟಿದ್ದಾರೆ ಎಂಬುದು ಒಂದು. ಊರಿನ ಆಗ್ನೇಯಕ್ಕೆ ಹಿಟ್ಲರನ ಪಕ್ಷದ ಸಮಾವೇಶ ನಡೆಯುತ್ತಿದ್ದ ವಿಶಾಲ ಮೈದಾನವಿದೆ. ಅಲ್ಲಿನ ಪೂರ್ತಿಯಾಗದ ಮಹಾಸಭಾಂಗಣದಲ್ಲೇ 2001ರಲ್ಲಿ ದಾಖಲೆ ಕೇಂದ್ರ ತೆರೆಯಿತು. ವಾಸ್ತುಶಿಲ್ಪಿ ಗುಂಟರ್ ಡೊಮೆನಿಗ್ ಆ ಭಾರದ ಕಲ್ಲುಕಟ್ಟಡವನ್ನು ಗಾಜು ಮತ್ತು ಉಕ್ಕಿನ ಓಣಿಯೊಂದರಿಂದ ಓರೆಯಾಗಿ ಸೀಳಿದ್ದಾನೆ. ಶಾಲಾಮಕ್ಕಳನ್ನು ಇಲ್ಲಿಗೆ ಕರೆತಂದು ಪಾಠ ಹೇಳುತ್ತಾರೆ. ಕಟ್ಟಡದಲ್ಲಿ ಕಾಮಗಾರಿ ನಡೆಯುತ್ತಿರುತ್ತದೆ, ಹೋಗುವ ಮುನ್ನ ಯಾವ ಭಾಗ ತೆರೆದಿದೆ ಎಂದು ನೋಡಿಕೊಳ್ಳಿ.

ಇನ್ನೊಂದು, ಸಮಾವೇಶ ನಡೆದ ಊರೆಂಬ ಒಂದೇ ಕಾರಣಕ್ಕೆ ಯುದ್ಧಾಪರಾಧಿಗಳ ವಿಚಾರಣೆಯನ್ನೂ ಇಲ್ಲಿಟ್ಟರು ಎಂಬುದು. ಆ ಸಾಂಕೇತಿಕತೆ ಇದ್ದದ್ದು ನಿಜ; ಆದರೆ ಕೈಗೆಟುಕುವ ಕಾರಣ ಬೇರೆ ಇತ್ತು. ಬಾಂಬಿನಿಂದ ಬಹುಮಟ್ಟಿಗೆ ಪಾರಾದ ದೊಡ್ಡ ನ್ಯಾಯಾಲಯ ಇಲ್ಲಿತ್ತು, ಅದಕ್ಕೆ ಅಂಟಿಕೊಂಡೇ ಸೆರೆಮನೆ ಇತ್ತು, ಊರು ಅಮೆರಿಕದ ಹಿಡಿತದಲ್ಲಿತ್ತು. 1945ರ ನವೆಂಬರ್ 20ರಿಂದ 1946ರ ಅಕ್ಟೋಬರ್ 1ರವರೆಗೆ ವಿಚಾರಣೆ ನಡೆದ 600ನೇ ಸಂಖ್ಯೆಯ ಕೋರ್ಟ್ ಹಾಲನ್ನು ಈಗ ನೋಡಬಹುದು. ನಮ್ಮಲ್ಲಿ ಕೆಲವರು ಭಾರತದ ನ್ಯಾಯಮೂರ್ತಿ ರಾಧಾಬಿನೋದ್ ಪಾಲ್ ಕುಳಿತದ್ದು ಇಲ್ಲೇ ಎಂದುಕೊಳ್ಳುತ್ತಾರೆ. ಅವರು ಕುಳಿತದ್ದು ಟೋಕಿಯೋದಲ್ಲಿ. ಇಲ್ಲಿನ ಪೀಠದಲ್ಲಿ ಅಮೆರಿಕ, ಬ್ರಿಟನ್, ಫ್ರಾನ್ಸ್ ಮತ್ತು ಸೋವಿಯತ್ ಒಕ್ಕೂಟದವರಷ್ಟೇ ಇದ್ದರು.

‘ಮ್ಯೂನಿಕ್‌ನಿಂದ ಬೆಳಗ್ಗೆ ಹೋಗಿ ಸಂಜೆ ಬಂದರೆ ಸಾಕು’ ಎಂಬ ಸಲಹೆ ಏಕೆ ತಪ್ಪು ಎಂಬುದು ಈಗ ಸ್ಪಷ್ಟವಾಗಿರಬಹುದು. ವೇಗದ ರೈಲಿನಲ್ಲಿ ಒಂದು ಗಂಟೆಯ ಆಸುಪಾಸಿನ ದಾರಿಯೇನೋ ಹೌದು. ಆದರೆ ಒಂದು ದಿನದಲ್ಲಿ ಹಳೆಯ ಪಟ್ಟಣ ಮಾತ್ರ ಆಗುತ್ತದೆ. ಸಮಾವೇಶದ ಮೈದಾನ ಒಂದು ದಿಕ್ಕು, ನ್ಯಾಯಾಲಯ ಇನ್ನೊಂದು ದಿಕ್ಕು. ಇವೆರಡನ್ನೂ ಬಿಟ್ಟು ಬಂದರೆ ಅರ್ಧ ಊರನ್ನು ನೋಡಿದಂತೆ.

ಬವೇರಿಯಾ ಎಂದರೆ ಚರ್ಮದ ಚಡ್ಡಿ, ಅಕ್ಟೋಬರ್‌ಫೆಸ್ಟ್ ಎಂದು ಚಿತ್ರ ಕಟ್ಟಿಕೊಂಡು ಬರುವವರಿಗೆ: ಅಕ್ಟೋಬರ್‌ಫೆಸ್ಟ್ ಮ್ಯೂನಿಕ್‌ನದು, ಶುರುವಾಗುವುದೂ ಸೆಪ್ಟೆಂಬರಿನಲ್ಲಿ. ನ್ಯೂರೆಂಬರ್ಗ್ ಬವೇರಿಯಾಕ್ಕೆ ಸೇರಿದ್ದು 1806ರಲ್ಲಿ. ಇಲ್ಲಿನವರು ತಮ್ಮನ್ನು ಮೊದಲು ಫ್ರಾಂಕೋನಿಯಾದವರೆಂದೇ ಹೇಳಿಕೊಳ್ಳುತ್ತಾರೆ.

ಊಟದ ವಿಷಯಕ್ಕೆ ಬಂದರೆ, ಸಸ್ಯಾಹಾರಿಗಳು ಇಲ್ಲಿ ಉಪವಾಸ ಬೀಳಬೇಕು ಎಂಬುದು ಹಳೆಯ ಮಾತು. ಬೆರಳುದ್ದದ ಹಂದಿ ಸಾಸೇಜಿಗೆ ಊರು ಪ್ರಸಿದ್ಧ, ನಿಜ. ಆದರೆ ಊರಿನ ಉತ್ತರಕ್ಕೆ ಕ್ನೋಬ್ಲೌಖ್ಸ್‌ಲಾಂಡ್ ಎಂಬ ದೊಡ್ಡ ತರಕಾರಿ ಸೀಮೆಯೇ ಇದೆ. ವಸಂತದಿಂದ ಜೂನ್ 24ರವರೆಗೆ ಬಿಳಿ ಶತಾವರಿ ದಂಟಿನ ಸುಗ್ಗಿ. ಗಿಣ್ಣು ಬೆರೆಸಿದ ಕೇಸ್‌ಷ್ಪೆಟ್ಸ್ಲೆ, ಆಲೂಗಡ್ಡೆಯ ದೋಸೆಯಂಥ ರೈಬರ್‌ಡಾಚಿ ಸುಲಭವಾಗಿ ಸಿಗುತ್ತವೆ. ಮೋಸ ಹೋಗುವುದು ಬೇರೆ ಕಡೆ: ಆಲೂಗಡ್ಡೆ ಕಡುಬಿನ ಮೇಲೆ ಸುರಿಯುವ ಕಂದು ಸಾರು ಸಾಮಾನ್ಯವಾಗಿ ಹುರಿದ ಮಾಂಸದ್ದು. ‘ಓನೆ ಫ್ಲೈಷ್’, ಅಂದರೆ ಮಾಂಸವಿಲ್ಲದೆ, ಎಂದಷ್ಟೇ ಹೇಳಿದರೆ ಸಾಲದು. ಸಾರಿನ ಬಗ್ಗೆ ಬಿಡಿಸಿ ಕೇಳಿ. ಹೆಸರುವಾಸಿ ಲೆಬ್‌ಕೂಹೆನ್ ಬಿಸ್ಕತ್ತಿನಲ್ಲಿ ಮೊಟ್ಟೆ ಇರುವುದೇ ಹೆಚ್ಚು.

ಜರ್ಮನ್ ರೈಲು ಗಡಿಯಾರದಂತೆ ಓಡುತ್ತದೆ ಎಂದು ನಂಬಿ ವಿಮಾನಕ್ಕೆ ಒಂದು ಗಂಟೆ ಮುಂಚಿನ ರೈಲು ಹಿಡಿಯಬೇಡಿ. 2024ರಲ್ಲಿ ಸರ್ಕಾರಿ ರೈಲು ಸಂಸ್ಥೆಯ ದೂರಪ್ರಯಾಣದ ರೈಲುಗಳಲ್ಲಿ ಸಮಯಕ್ಕೆ ಬಂದದ್ದು ಶೇ. 62ರ ಆಸುಪಾಸು, ಆರು ನಿಮಿಷದೊಳಗಿನ ತಡವನ್ನು ತಡವೆಂದು ಎಣಿಸದೆಯೂ ಇಷ್ಟು. ಊರೊಳಗಿನ ಓಡಾಟಕ್ಕೆ ಈ ತೊಂದರೆ ಕಡಿಮೆ: ವಿಮಾನ ನಿಲ್ದಾಣದಿಂದ ಊರ ನಡುವಿಗೆ ಚಾಲಕನಿಲ್ಲದ ಮೆಟ್ರೋ ಕಾಲು ಗಂಟೆಯೊಳಗೆ ತಲುಪಿಸುತ್ತದೆ.

ವೀಸಾ ಬಗ್ಗೆ ಒಂದು ಮಾತು. ಷೆಂಗೆನ್ ದೇಶಗಳಲ್ಲಿ ಯಾವುದರಿಂದ ಬೇಗ ಸಿಗುತ್ತದೋ ಅಲ್ಲಿಂದ ಪಡೆಯಬಹುದು ಎಂಬುದು ತಪ್ಪು. ಹೆಚ್ಚು ದಿನ ಎಲ್ಲಿ ತಂಗುತ್ತೀರೋ ಆ ದೇಶಕ್ಕೇ ಅರ್ಜಿ ಹಾಕಬೇಕು. ದಿನಗಳು ಸಮನಾದರೆ ಮೊದಲು ಕಾಲಿಡುವ ದೇಶಕ್ಕೆ. ಪ್ರಯಾಣಕ್ಕೆ 6 ತಿಂಗಳು ಮುಂಚಿನಿಂದ ಅರ್ಜಿ ಕೊಡಬಹುದು, ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ. ಜರ್ಮನಿಯ ದೂತಾವಾಸ ಕಚೇರಿ ಬೆಂಗಳೂರಿನಲ್ಲೇ ಇದೆ.

ಹೋಗುವುದಾದರೆ ಡಿಸೆಂಬರಿನಲ್ಲೇ ಹೋಗಬೇಕು ಎಂದೂ ಹೇಳುತ್ತಾರೆ. ಕ್ರಿಸ್‌ಮಸ್ ಸಂತೆ ಸುಂದರ, ಸಂಶಯವಿಲ್ಲ. ಆದರೆ ಅದು ಡಿಸೆಂಬರ್ 24ಕ್ಕೆ ಮುಗಿಯುತ್ತದೆ, ಹಬ್ಬದ ಮರುದಿನ ಸಂತೆ ನೋಡೋಣವೆಂದು ಹೋದವರಿಗೆ ಖಾಲಿ ಚೌಕ ಸಿಗುತ್ತದೆ. ಸಂಜೆ ನಾಲ್ಕೂವರೆಗೇ ಕತ್ತಲು, ಹೋಟೆಲ್ ದರ ದುಬಾರಿ. ಕೋಟೆಗೋಡೆಯ ಸುತ್ತ ನಡೆಯುವ ಆಸೆಯಿದ್ದರೆ ಮೇ ಅಥವಾ ಸೆಪ್ಟೆಂಬರ್ ಒಳ್ಳೆಯದು.

ಇನ್ನು ವಾರಾಂತ್ಯ. ಭಾನುವಾರ ಊರೆಲ್ಲ ಮುಚ್ಚಿರುತ್ತದೆ ಎಂಬುದು ಅರ್ಧ ಸತ್ಯ: ಮುಚ್ಚುವುದು ಅಂಗಡಿಗಳು, ವಸ್ತುಸಂಗ್ರಹಾಲಯಗಳಲ್ಲ. ಅವುಗಳಲ್ಲಿ ಹಲವಕ್ಕೆ ಸೋಮವಾರ ರಜೆ. ಕೋರ್ಟ್ ಹಾಲಿಗೆ ಮಂಗಳವಾರ. ಹಾಗಾಗಿ ಶುಕ್ರವಾರ ಸಂಜೆ ಊರು ಸೇರಿ. ಶನಿವಾರ ಮಾರುಕಟ್ಟೆ ಚೌಕ, ಚರ್ಚುಗಳು, ಡ್ಯೂರರ್ ಮನೆ, ಕೋಟೆ. ಬೇಕಾದ ಹಾಲು, ಹಣ್ಣು, ಬ್ರೆಡ್ಡನ್ನು ಅಂದೇ ಕೊಂಡಿಡಿ. ಭಾನುವಾರ ದಾಖಲೆ ಕೇಂದ್ರ ಮತ್ತು ಜರ್ಮನ್ ರಾಷ್ಟ್ರೀಯ ವಸ್ತುಸಂಗ್ರಹಾಲಯ. ಸೋಮವಾರ ಬೆಳಗ್ಗೆ 600ನೇ ಕೋರ್ಟ್ ಹಾಲ್, ಮಧ್ಯಾಹ್ನ ಸ್ಥಳೀಯ ರೈಲಿನಲ್ಲಿ ಬಾಂಬರ್ಗ್. ಯುದ್ಧದಲ್ಲಿ ಹೆಚ್ಚು ಹಾಳಾಗದೆ ಉಳಿದ, ಯುನೆಸ್ಕೋ 1993ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ ಊರದು. ನ್ಯೂರೆಂಬರ್ಗ್ ಕಳೆದುಕೊಂಡದ್ದು ಎಷ್ಟು, ಮತ್ತೆ ಕಟ್ಟಿಕೊಂಡದ್ದು ಎಷ್ಟು ಎಂದು ಅಳೆಯಲು ಅದು ಹತ್ತಿರದ, ಒಳ್ಳೆಯ ಜಾಗ.