ಗಡಸು ನೀರಿನ ಊರಲ್ಲಿ ರ‍್ಯಾಮ್ ಮೀನಿನ ಸಂಸಾರ

ರಾಯಚೂರು ಜಿಲ್ಲೆಯ ಲಿಂಗಸುಗೂರು, ಮಸ್ಕಿ ಭಾಗದ ಎಷ್ಟೋ ಬೋರ್‌ವೆಲ್‌ಗಳ ನೀರಿನಲ್ಲಿ ತೊಗರಿ ಬೇಳೆ ಬೇಗ ಬೇಯುವುದಿಲ್ಲ, ಸೋಪು ನೊರೆ ಬಿಡುವುದಿಲ್ಲ, ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುತ್ತದೆ. ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳೇ ಇದಕ್ಕೆ ಕಾರಣ. ಇದೇ ನೀರು ತುಂಬಿದ ಗಾಜಿನ ತೊಟ್ಟಿಗೆ ರ‍್ಯಾಮ್ ಸಿಕ್ಲಿಡ್ ಎಂಬ ಪುಟ್ಟ ಅಲಂಕಾರಿಕ ಮೀನಿನ ಜೋಡಿಯೊಂದನ್ನು ಬಿಟ್ಟರೆ ಅವು ಬಣ್ಣವೇರಿ, ಕಲ್ಲು ಉಜ್ಜಿ, ಮೊಟ್ಟೆಯನ್ನೂ ಇಡಬಹುದು. ಆದರೆ ಮರುದಿನವೋ ಅದರ ಮರುದಿನವೋ ಬಹುಪಾಲು ಮೊಟ್ಟೆಗಳು ಬೆಳ್ಳಗಾಗಿ ಬೂಷ್ಟು ಹಿಡಿಯುತ್ತವೆ. ಜೋಡಿ ಸರಿಯಿಲ್ಲವೆಂದು ಮೀನು ಬದಲಿಸುವ ಮೊದಲು ಅನುಮಾನಿಸಬೇಕಾದದ್ದು ನೀರನ್ನೇ.

ರ‍್ಯಾಮ್ ಮೀನಿನ ತವರು ದಕ್ಷಿಣ ಅಮೆರಿಕದ ಒರಿನೊಕೊ ನದಿಯ ಬಯಲು, ಅಂದರೆ ವೆನೆಜುವೆಲಾ ಮತ್ತು ಕೊಲಂಬಿಯಾದ ಬೆಚ್ಚನೆಯ ಹುಲ್ಲುಗಾವಲು ಪ್ರದೇಶ. 1948ರಲ್ಲಿ ಮೈಯರ್ಸ್ ಮತ್ತು ಹ್ಯಾರಿ ಎಂಬ ವಿಜ್ಞಾನಿಗಳು ಇದನ್ನು ಮೊದಲ ಬಾರಿಗೆ ವೈಜ್ಞಾನಿಕವಾಗಿ ವಿವರಿಸಿದರು. ಅಲ್ಲಿನ ಹಳ್ಳಕೊಳ್ಳಗಳ ನೀರಿನಲ್ಲಿ ಲವಣಾಂಶ ಅತ್ಯಲ್ಪ; ಕೊಳೆತ ಎಲೆಗಳಿಂದಾಗಿ ನೀರು ತುಸು ಆಮ್ಲೀಯ.

ಈ ಮೀನು ಹೊರನಾಡಿನದಾದರೂ ಅದರ ಕುಟುಂಬ ಕರ್ನಾಟಕಕ್ಕೆ ಹೊಸದಲ್ಲ. ನಮ್ಮ ಕೆರೆ, ಕಾಲುವೆಗಳಲ್ಲಿ ಬಲೆಗೆ ಬೀಳುವ ಜಿಲೇಬಿ ಮೀನು, ಅಂದರೆ ತಿಲಾಪಿಯ, ಸಿಕ್ಲಿಡ್ ಕುಟುಂಬದ್ದೇ. ನೇತ್ರಾವತಿಯಲ್ಲಿ ಬದುಕುವ ಎಟ್ರೋಪ್ಲಸ್ ಕೆನರೆನ್ಸಿಸ್ ಈ ಕುಟುಂಬದ ಅಚ್ಚ ಕನ್ನಡನಾಡಿನ ಸದಸ್ಯ. ಮೊಟ್ಟೆ-ಮರಿಗಳನ್ನು ಕಾಯುವುದು ಈ ಕುಟುಂಬದ ದೊಡ್ಡ ಗುಣ. ಮೊಜಾಂಬಿಕ್ ತಿಲಾಪಿಯದಲ್ಲಿ ತಾಯಿ ಮೊಟ್ಟೆಗಳನ್ನು ಬಾಯಲ್ಲೇ ಇಟ್ಟುಕೊಂಡು ಮರಿ ಮಾಡಿದರೆ, ರ‍್ಯಾಮ್‌ನಲ್ಲಿ ಗಂಡು-ಹೆಣ್ಣು ಸೇರಿ ಕಲ್ಲಿನ ಮೇಲಿನ ಮೊಟ್ಟೆಗಳಿಗೆ ಕಾವಲು ನಿಲ್ಲುತ್ತವೆ.

ಗಡಸು ನೀರಿನಲ್ಲಿ ಮೆದು ನೀರಿನ ಮೀನುಗಳ ಮೊಟ್ಟೆ ಸರಿಯಾಗಿ ಫಲಿಸುವುದಿಲ್ಲ. ಫಲಿಸದ ಮೊಟ್ಟೆ ಸಾಯುತ್ತದೆ, ಸತ್ತದ್ದರ ಮೇಲೆ ಬೂಷ್ಟು ಬೆಳೆಯುತ್ತದೆ, ಅಲ್ಲಿಂದ ಪಕ್ಕದ ಜೀವಂತ ಮೊಟ್ಟೆಗೂ ಹಬ್ಬುತ್ತದೆ. ಭಾರತೀಯ ಮಾನಕ ಬ್ಯೂರೋ ಪ್ರಕಾರ ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಮೀರಬಾರದು; ಬೇರೆ ಮೂಲವಿಲ್ಲದಿದ್ದರೆ 600ರವರೆಗೆ ಅಡ್ಡಿಯಿಲ್ಲ. ರ‍್ಯಾಮ್ ಮರಿ ಮಾಡಬೇಕಾದರೆ ಅದು 100ರ ಒಳಗಿದ್ದರೆ ಒಳ್ಳೆಯದು. ಮನುಷ್ಯರು ಕುಡಿಯಬಹುದಾದ ನೀರೂ ಈ ಮೊಟ್ಟೆಗಳಿಗೆ ಒಗ್ಗದಿರಬಹುದು.

ಪರಿಹಾರ ಊರಲ್ಲೇ ಇದೆ. ರಾಯಚೂರು ಜಿಲ್ಲೆಯ ಹಳ್ಳಿಹಳ್ಳಿಗಳಲ್ಲಿ ನಾಣ್ಯ ಹಾಕಿದರೆ ಕ್ಯಾನ್ ತುಂಬುವ ಶುದ್ಧ ಕುಡಿಯುವ ನೀರಿನ ಘಟಕಗಳು ಆರ್‌ಒ ವಿಧಾನದಲ್ಲಿ ಲವಣಗಳನ್ನು ತೆಗೆಯುತ್ತವೆ. ಬೋರ್‌ವೆಲ್ ನೀರಿನ ಗಡಸುತನ 400 ಇದ್ದು ಘಟಕದ ನೀರಿನದು ಸೊನ್ನೆಯ ಹತ್ತಿರವಿದ್ದರೆ, ಒಂದು ಪಾಲು ಬೋರ್ ನೀರಿಗೆ ಮೂರು ಪಾಲು ಘಟಕದ ನೀರು ಬೆರೆಸಿದಾಗ ಅದು 100ಕ್ಕೆ ಇಳಿಯುತ್ತದೆ. ಘಟಕದಿಂದ ಘಟಕಕ್ಕೆ ನೀರು ಬೇರೆಯಾಗುವುದರಿಂದ ಎರಡನ್ನೂ ಪರೀಕ್ಷಿಸಿಯೇ ಪಾಲು ನಿರ್ಧರಿಸಬೇಕು. ಟಿಡಿಎಸ್ ಮೀಟರ್ ಒಟ್ಟು ಲವಣ ತೋರಿಸುತ್ತದೆಯೇ ಹೊರತು ಗಡಸುತನವನ್ನಲ್ಲ. ಅದಕ್ಕೆ ಹನಿ ಹಾಕಿ ನೋಡುವ ಕಿಟ್ ಬೇಕು. ಶುದ್ಧ ಚಾವಣಿಯ ಮಳೆ ನೀರನ್ನು, ಮೊದಲ ಮಳೆ ಬಿಟ್ಟು, ಹಿಡಿದಿಟ್ಟರೆ ಅದೂ ಮೆದು ನೀರೇ. ಸಿಂಧನೂರಿನ ಸುತ್ತ ಹರಿಯುವ ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬೋರ್ ನೀರಿಗಿಂತ ಸಾಮಾನ್ಯವಾಗಿ ಮೆದು. ಆದರೆ ಭತ್ತದ ಗದ್ದೆಗಳ ಔಷಧಿ ಸೇರುವ ಭಯವಿರುವುದರಿಂದ ನೇರವಾಗಿ ತೊಟ್ಟಿಗೆ ಸುರಿಯಬಾರದು.

ಇನ್ನೊಂದು ಎಚ್ಚರ ಕಲ್ಲಿನದು. ಮೊಟ್ಟೆಯಿಡಲು ಚಪ್ಪಟೆ ಕಲ್ಲು ಬೇಕೆಂದಾಗ ಈ ಭಾಗದಲ್ಲಿ ಮೊದಲು ಕೈಗೆ ಸಿಗುವುದು ಶಹಾಬಾದ್ ಪರ್ಸಿ ಕಲ್ಲಿನ ತುಂಡು. ಅದು ಸುಣ್ಣಕಲ್ಲು. ಅದರ ಮೇಲೆ ನಿಂಬೆರಸ ಹಿಂಡಿದರೆ ಸಣ್ಣ ಗುಳ್ಳೆಗಳು ಏಳುವುದನ್ನು ಕಾಣಬಹುದು. ಆಮ್ಲೀಯ ನೀರಿನಲ್ಲಿ ಅದು ನಿಧಾನವಾಗಿ ಕರಗಿ, ಕಷ್ಟಪಟ್ಟು ಇಳಿಸಿದ ಗಡಸುತನವನ್ನು ಮತ್ತೆ ಏರಿಸುತ್ತದೆ. ಗ್ರಾನೈಟ್ ತುಂಡು ಅಥವಾ ಕುಂಬಾರರ ಮಣ್ಣಿನ ತಟ್ಟೆ ಸಾಕು. ಶಾಲೆಯ ಅಂಗಳದ ಬಾದಾಮಿ ಗಿಡದಿಂದ ಕೆಂಪಾಗಿ ಉದುರಿದ ಒಣ ಎಲೆ ಒಂದೆರಡು ಹಾಕಿದರೆ ಟ್ಯಾನಿನ್ ಬಿಟ್ಟು ಮೆದು ನೀರನ್ನು ತುಸು ಆಮ್ಲೀಯಗೊಳಿಸುತ್ತವೆ.

ಜೋಡಿಯನ್ನು ಒತ್ತಾಯದಿಂದ ಕೂಡಿಸುವುದಕ್ಕಿಂತ ಆರೆಂಟು ಎಳೆಯ ಮೀನು ತಂದು ಅವೇ ಜೊತೆಯಾಗಲು ಬಿಡುವುದು ಮೇಲು. ಹೆಣ್ಣಿನ ಹೊಟ್ಟೆಯಲ್ಲಿ ಗುಲಾಬಿ ಛಾಯೆ ಇರುತ್ತದೆ. ಅದರ ಮೈಪಕ್ಕದ ಕಪ್ಪು ಮಚ್ಚೆಯೊಳಗೆ ನೀಲಿ ಚುಕ್ಕಿಗಳು ಮಿನುಗುತ್ತವೆ. ಗಂಡಿನ ಬೆನ್ನುರೆಕ್ಕೆಯ ಮುಂದಿನ ಮುಳ್ಳುಗಳು ಸಾಮಾನ್ಯವಾಗಿ ಹೆಚ್ಚು ಉದ್ದ. ಎರಡು ಮೀನು ಒಂದೇ ಮೂಲೆ ಹಿಡಿದು ಉಳಿದವನ್ನು ಓಡಿಸತೊಡಗಿದರೆ ಜೋಡಿ ಕೂಡಿತೆಂದು ತಿಳಿದು ಮಿಕ್ಕವನ್ನು ಬೇರೆಡೆ ಇಡಬೇಕು. ಒಂದು ಜೋಡಿಗೆ ಎರಡಡಿ ಉದ್ದದ ತೊಟ್ಟಿ ಸಾಕು. ಗಂಡು ಬೆನ್ನಟ್ಟಿದಾಗ ಹೆಣ್ಣು ಅಡಗಲು ಗಿಡ, ಕಟ್ಟಿಗೆ ಇರಲೇಬೇಕು.

ಸುಮಾರು 28 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎರಡು ಮೂರು ದಿನಕ್ಕೆ ಮೊಟ್ಟೆ ಒಡೆಯುತ್ತದೆ. ಅಲ್ಲಿಯವರೆಗೆ ತಂದೆ-ತಾಯಿ ಎದೆಯ ರೆಕ್ಕೆಯಿಂದ ನೀರು ಬೀಸುತ್ತಾ, ಬಿಳಿಯಾದ ಮೊಟ್ಟೆಗಳನ್ನು ಬಾಯಿಂದ ಹೆಕ್ಕುತ್ತಾ ಇರುತ್ತವೆ. ಮೊದಲ ಒಂದೆರಡು ಸಲ ಮೊಟ್ಟೆಗಳನ್ನೇ ತಿಂದುಬಿಡುವುದು ಸಾಮಾನ್ಯ. ಅದಕ್ಕಾಗಿ ಜೋಡಿಯನ್ನು ಒಡೆಯಬೇಕಿಲ್ಲ. ರಾತ್ರಿ ದೀಪ ಥಟ್ಟನೆ ಆರಿದರೆ ಬೆದರುತ್ತವಾದ್ದರಿಂದ ಮಂದ ಬೆಳಕು ಉಳಿಸಬೇಕು. ಇನ್ನೂ ನಾಲ್ಕೈದು ದಿನಕ್ಕೆ ಮರಿಗಳು ಈಜತೊಡಗಿದಾಗ ಆರ್ಟೀಮಿಯ ಎಂಬ ಸೀಗಡಿಯಂಥ ಸಣ್ಣ ಜೀವಿಯ ಮೊಟ್ಟೆಗಳನ್ನು ಉಪ್ಪುನೀರಿನಲ್ಲಿ ಒಂದು ದಿನ ಇಟ್ಟು ಮಾಡಿದ ಮರಿ ಅವಕ್ಕೆ ತಕ್ಕ ಆಹಾರ. ಅದು ಅರ್ಧ ಮಿಲಿಮೀಟರಿಗಿಂತ ಚಿಕ್ಕದು.

ರಾಯಚೂರು ಜಿಲ್ಲೆಯ ಬೇಸಿಗೆ ಈ ಮೀನಿಗೆ ಒಂದು ಹದದವರೆಗೆ ಹಿತವೇ. ಹೀಟರ್ ಖರ್ಚು ಉಳಿಯುತ್ತದೆ. ಆದರೆ ನೀರು ಕಾದಷ್ಟೂ ಆಮ್ಲಜನಕ ಕಡಿಮೆಯಾಗುತ್ತದೆ. ಕರೆಂಟ್ ಹೋದಾಗ ಏರ್ ಪಂಪ್ ನಿಂತರೆ ಅಪಾಯ, ಹಾಗಾಗಿ ಬ್ಯಾಟರಿ ಪಂಪ್ ಬೇಕು. ಜೊತೆಗೆ ಅಮೋನಿಯದ ಕಾಟ: 28 ಡಿಗ್ರಿಯಲ್ಲಿ ಪಿಎಚ್ 7 ಇದ್ದಾಗ ಒಟ್ಟು ಅಮೋನಿಯದಲ್ಲಿ ವಿಷರೂಪದ್ದು ಶೇ. 1ಕ್ಕಿಂತ ಕಡಿಮೆ, ಪಿಎಚ್ 8ಕ್ಕೆ ಸುಮಾರು ಶೇ. 6ರಿಂದ 7. ಕ್ಷಾರೀಯ ನೀರಿನಲ್ಲಿ ಮಿಕ್ಕ ಆಹಾರ ಕೊಳೆಯಲು ಬಿಟ್ಟರೆ ಮರಿಗಳು ಉಳಿಯುವುದಿಲ್ಲ. ನೀರನ್ನು ಒಮ್ಮೆಗೇ ಬದಲಿಸದೆ, ಕೆಲವು ದಿನಕ್ಕೊಮ್ಮೆ ಹತ್ತರಲ್ಲಿ ಒಂದು ಪಾಲು ತೆಗೆದು ಅದೇ ಗುಣದ, ಅದೇ ಉಷ್ಣತೆಯ ನೀರು ಹಾಕಬೇಕು.

ಒಂದು ಮೊಟ್ಟೆರಾಶಿಯಲ್ಲಿ 150ಕ್ಕೂ ಹೆಚ್ಚು ಮೊಟ್ಟೆಗಳಿರಬಹುದು; ನೀರು ಸರಿಹೋದರೆ ಮರಿಗಳು ತೊಟ್ಟಿಗೆ ಹಿಡಿಸದಷ್ಟಾಗುತ್ತವೆ. ಅವನ್ನು ಇತರ ಹವ್ಯಾಸಿಗಳಿಗೋ ಅಂಗಡಿಗೋ ಕೊಡಿ. 1952ರಲ್ಲಿ ಭಾರತಕ್ಕೆ ಬಂದ ಮೊಜಾಂಬಿಕ್ ತಿಲಾಪಿಯ ಇಂದು ನಮ್ಮ ಕೆರೆಗಳಿಂದ ತೆಗೆಯಲಾಗದಂತೆ ಹಬ್ಬಿದೆ. ಹೊರನಾಡಿನ ಯಾವ ಮೀನನ್ನೂ ಕಾಲುವೆಗಾಗಲಿ ಕೆರೆಗಾಗಲಿ ಬಿಡಬೇಡಿ.